ದಿನವೂ ನಡೆದರೂ ತೂಕವೇಕೆ ಇಳಿಯುವುದಿಲ್ಲ?

ನಸುಕಿನಲ್ಲಿ ಎದ್ದು ಬೂಟು ಕಟ್ಟಿಕೊಂಡು ಊರ ಹೊರಗಿನ ರಸ್ತೆಯಲ್ಲಿ ಬಿರುಸಾಗಿ ನಡೆಯುವವರು ಈಗ ಬೆಂಗಳೂರು, ಹುಬ್ಬಳ್ಳಿಗಳಲ್ಲಿ ಮಾತ್ರವಲ್ಲ, ನಿಪ್ಪಾಣಿ ಸೀಮೆಯ ಬೇಡಕಿಹಾಳದಂತಹ ಊರುಗಳಲ್ಲಿಯೂ ಕಾಣಸಿಗುತ್ತಾರೆ. ಎತ್ತಿನ ಬಂಡಿಯ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದೆ. ಹೊಲಕ್ಕೆ ನಡೆದು ಹೋಗುತ್ತಿದ್ದವರು ಮೋಟಾರ್ ಸೈಕಲ್ ಏರಿದ್ದಾರೆ. ಹೀಗೆ ಕಳೆದುಹೋದ ಮೈಮುರಿತವನ್ನು ವಾಯುವಿಹಾರದ ಮೂಲಕ ಮರಳಿ ಪಡೆಯುವ ಪ್ರಯತ್ನ ಶ್ಲಾಘನೀಯವೇ. ಆದರೆ ಮೂರು ತಿಂಗಳು ತಪ್ಪದೆ ನಡೆದ ಬಳಿಕವೂ ತೂಕದ ಯಂತ್ರದ ಮುಳ್ಳು ಅಲ್ಲಿಯೇ ನಿಂತಾಗ ನಿರಾಶೆ ಆವರಿಸುತ್ತದೆ. 'ನನ್ನ ಶರೀರವೇ ಹೀಗೆ' ಎಂದು ಅನೇಕರು ವ್ಯಾಯಾಮವನ್ನೇ ಕೈಬಿಡುತ್ತಾರೆ. ಅಪಾಯವಿರುವುದು ಇಲ್ಲಿಯೇ. ತೂಕ ಏಕೆ ಇಳಿಯಲಿಲ್ಲ ಎಂಬುದನ್ನು ತಿಳಿದವರು ವ್ಯಾಯಾಮವನ್ನು ಬಿಡಲಾರರು.

ಲೆಕ್ಕ ಸರಳ, ಫಲ ಅಲ್ಪ

70 ಕಿಲೋ ತೂಕದ ವ್ಯಕ್ತಿಯೊಬ್ಬ ಅರ್ಧ ಗಂಟೆ ಚುರುಕಾಗಿ ನಡೆದರೆ ಸುಮಾರು 120 ಕ್ಯಾಲರಿ ವ್ಯಯವಾಗುತ್ತದೆ. ಆದರೆ ಅದೇ ಅರ್ಧ ಗಂಟೆ ಸುಮ್ಮನೆ ಕುಳಿತಿದ್ದರೂ ಉಸಿರಾಟ, ಹೃದಯಬಡಿತಗಳಿಗಾಗಿ 35 ಕ್ಯಾಲರಿ ಖರ್ಚಾಗುತ್ತಿತ್ತು. ಅಂದರೆ ನಡಿಗೆಯಿಂದ ಆದ ಹೆಚ್ಚುವರಿ ವ್ಯಯ ಸುಮಾರು 85 ಕ್ಯಾಲರಿ ಮಾತ್ರ. ಒಂದು ಕಿಲೋ ಕೊಬ್ಬಿನಲ್ಲಿ ಅಡಗಿರುವ ಶಕ್ತಿ ಸ್ಥೂಲವಾಗಿ 7,700 ಕ್ಯಾಲರಿ. ಊಟ ಒಂದಿಷ್ಟೂ ಹೆಚ್ಚದೆ ದಿನವೂ ನಡೆದರೂ ಒಂದು ಕಿಲೋ ಕರಗಲು ಹತ್ತಿರ ಹತ್ತಿರ ಮೂರು ತಿಂಗಳು ಬೇಕು.

ಇನ್ನು ನಡಿಗೆ ಮುಗಿಸಿ ಬರುವಾಗ ಹೋಟೆಲಿನಲ್ಲಿ ಕುಡಿಯುವ ಚಹದ ಲೆಕ್ಕ ನೋಡೋಣ. ಎರಡು ಚಮಚ ಸಕ್ಕರೆಯಲ್ಲಿ 40 ಕ್ಯಾಲರಿ. ಗಟ್ಟಿ ಹಾಲಿನಿಂದ ಅಷ್ಟೇ ಮತ್ತೊಂದಿಷ್ಟು. ಅರ್ಧ ಗಂಟೆ ಬೆವರು ಸುರಿಸಿ ಗಳಿಸಿದ್ದು ಐದು ನಿಮಿಷದಲ್ಲಿ ಜಮಾಖರ್ಚಾಯಿತು! ಜೊತೆಗೆ ಒಂದು ತಟ್ಟೆ ಭಜಿ ಸೇರಿದರೆ ಖಾತೆ ಸಾಲಕ್ಕೆ ಇಳಿಯುತ್ತದೆ. ಒಂದು ಗ್ರಾಂ ಎಣ್ಣೆಯಲ್ಲಿ 9 ಕ್ಯಾಲರಿ ಇರುತ್ತದೆ, ಸಕ್ಕರೆಯಲ್ಲಿ 4.

ಕಬ್ಬಿನ ನಾಡಿನಲ್ಲಿ ಇನ್ನೊಂದು ತಪ್ಪು ತಿಳಿವಳಿಕೆ ಬೇರೂರಿದೆ. ಸಕ್ಕರೆ ಬಿಟ್ಟು ಬೆಲ್ಲ ಹಿಡಿದರೆ ತೂಕ ಇಳಿಯುತ್ತದೆಂದು ಹಲವರು ನಂಬುತ್ತಾರೆ. ಬೆಲ್ಲದಲ್ಲಿ ಒಂದಿಷ್ಟು ಖನಿಜಾಂಶಗಳಿರುವುದು ನಿಜ. ಆದರೆ ಶಕ್ತಿಯ ದೃಷ್ಟಿಯಿಂದ ಬೆಲ್ಲಕ್ಕೂ ಸಕ್ಕರೆಗೂ ಹೆಚ್ಚಿನ ಅಂತರವಿಲ್ಲ. ಕಬ್ಬಿನ ಹಾಲಿನದೂ ಇದೇ ಕಥೆ.

ಗರಡಿಮನೆ ಹೇಳುವ ಸತ್ಯ

ಈ ಗಡಿಸೀಮೆಗೆ ಕುಸ್ತಿ ಹೊಸದಲ್ಲ. ನೆರೆಯ ಕೊಲ್ಲಾಪುರದ ಖಾಸಬಾಗ ಮೈದಾನವಂತೂ ಶಾಹೂ ಮಹಾರಾಜರ ಕಾಲದಿಂದ ಪ್ರಸಿದ್ಧ. ಗರಡಿಯ ಪೈಲವಾನರು ಪ್ರತಿದಿನ ನೂರಾರು ಬೈಠಕ್, ದಂಡ ಹೊಡೆಯುತ್ತಾರೆ. ಅವರಷ್ಟು ವ್ಯಾಯಾಮ ಮಾಡುವವರು ವಿರಳ. ಆದರೂ ಅವರು ಕೃಶರಾಗುವುದಿಲ್ಲ. ಹಾಲು, ತುಪ್ಪ, ಬಾದಾಮಿಗಳ ಆಹಾರವೇ ಅದಕ್ಕೆ ಕಾರಣ. ವ್ಯಾಯಾಮ ಹಸಿವನ್ನು ಕೆರಳಿಸುತ್ತದೆ, ಊಟ ಹೆಚ್ಚಾದರೆ ತೂಕವೂ ಹೆಚ್ಚುತ್ತದೆ ಎಂಬುದನ್ನು ವಸ್ತಾದರು ವಿಜ್ಞಾನಿಗಳಿಗಿಂತ ಮೊದಲೇ ಅರಿತಿದ್ದರು. ಕುಸ್ತಿ ಬಿಟ್ಟ ಮೇಲೂ ಆ ಊಟ ಬಿಡದ ಪೈಲವಾನನ ಹೊಟ್ಟೆ ಮುಂದೆ ಬರುವುದನ್ನು ಊರವರೆಲ್ಲ ಕಂಡಿದ್ದಾರೆ.

ವಿಜ್ಞಾನ ಇದನ್ನು ಅಂಕಿಗಳಲ್ಲಿ ದೃಢಪಡಿಸಿದೆ. ಅಮೆರಿಕದಲ್ಲಿ ತಿಮೋಥಿ ಚರ್ಚ್ ಮತ್ತು ಸಂಗಡಿಗರು 411 ಸ್ಥೂಲಕಾಯದ ಮಹಿಳೆಯರನ್ನು ಆರು ತಿಂಗಳ ಕಾಲ ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಗುಂಪು ಎಂದಿನಂತೆಯೇ ಇದ್ದರೆ, ಉಳಿದ ಮೂರು ಗುಂಪುಗಳು ಬೇರೆ ಬೇರೆ ಪ್ರಮಾಣದಲ್ಲಿ ವ್ಯಾಯಾಮ ಮಾಡಿದವು. ಕಡಿಮೆ ವ್ಯಾಯಾಮದ ಗುಂಪು ಸರಾಸರಿ 1.4 ಕಿಲೋ, ಮಧ್ಯಮ ಗುಂಪು 2.1 ಕಿಲೋ ಇಳಿದರೆ, ಅತಿ ಹೆಚ್ಚು ವ್ಯಾಯಾಮ ಮಾಡಿದ ಗುಂಪು ಇಳಿದದ್ದು 1.5 ಕಿಲೋ ಮಾತ್ರ! ಲೆಕ್ಕದ ಪ್ರಕಾರ ಇಳಿಯಬೇಕಿದ್ದ ತೂಕಕ್ಕಿಂತ ಇದು ಬಹಳ ಕಡಿಮೆ. ದಣಿದ ದೇಹ ಕಳೆದುಕೊಂಡದ್ದನ್ನು ಬೇರೆ ದಾರಿಯಿಂದ ತುಂಬಿಕೊಂಡಿತ್ತು.

ದೇಹದ ಮಿತವ್ಯಯ

ಹೀಗೆ ತುಂಬಿಕೊಳ್ಳುವ ದಾರಿಗಳು ಹಲವು. ಅರಿವಿಲ್ಲದಂತೆ ಒಂದು ರೊಟ್ಟಿ ಹೆಚ್ಚು ತಿನ್ನುವುದು ಮೊದಲನೆಯದು. ಬೆಳಿಗ್ಗೆ ನಡೆದಾಯಿತಲ್ಲ ಎಂದು ಉಳಿದ ದಿನವೆಲ್ಲ ಕುರ್ಚಿಗೆ ಅಂಟಿಕೊಳ್ಳುವುದು ಎರಡನೆಯದು. ದೇಹವೇ ಒಳಗೊಳಗೆ ಖರ್ಚು ತಗ್ಗಿಸುವುದು ಮೂರನೆಯದು. ಟಾಂಜಾನಿಯಾದ ಹಡ್ಜಾ ಬೇಟೆಗಾರ ಜನರನ್ನು ಕುರಿತು ಹರ್ಮನ್ ಪಾಂಟ್ಜರ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನ ಅಚ್ಚರಿ ಮೂಡಿಸಿತು. ದಿನವೂ ಮೈಲುಗಟ್ಟಲೆ ನಡೆಯುವ ಈ ಜನರ ಒಟ್ಟು ಶಕ್ತಿವ್ಯಯ, ದೇಹದ ಗಾತ್ರವನ್ನು ಪರಿಗಣಿಸಿದಾಗ, ಪಾಶ್ಚಾತ್ಯ ನಗರವಾಸಿಗಳ ಶಕ್ತಿವ್ಯಯಕ್ಕೆ ಸಮೀಪವೇ ಇತ್ತು.

ಇವಲ್ಲದೆ ನಿದ್ದೆಗೇಡು ಹಸಿವನ್ನು ಹೆಚ್ಚಿಸುತ್ತದೆ. ಥೈರಾಯ್ಡ್ ಗ್ರಂಥಿಯ ಕೊರತೆ, ಮಹಿಳೆಯರಲ್ಲಿ ಅಂಡಾಶಯದ ಪಿಸಿಓಎಸ್ ತೊಂದರೆ, ಸ್ಟೀರಾಯ್ಡ್, ಇನ್ಸುಲಿನ್ ಹಾಗೂ ಕೆಲವು ಮನೋರೋಗ ಔಷಧಗಳೂ ತೂಕ ಇಳಿಯಲು ಅಡ್ಡಿಯಾಗಬಹುದು. ಸಂಶಯವಿದ್ದರೆ ವೈದ್ಯರ ಸಲಹೆ ಪಡೆಯಬೇಕೇ ಹೊರತು ಔಷಧವನ್ನು ತಾವಾಗಿಯೇ ನಿಲ್ಲಿಸಬಾರದು.

ತೂಕವೊಂದೇ ಅಳತೆಯಲ್ಲ

ಹಾಗಾದರೆ ನಡಿಗೆ ವ್ಯರ್ಥವೇ? ಖಂಡಿತ ಇಲ್ಲ. ಭಾರತೀಯರ ದೇಹರಚನೆಯೇ ಇದಕ್ಕೆ ಉತ್ತರ ನೀಡುತ್ತದೆ. ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಬ್ರಿಟನ್ನಿನ ಯುಡ್ಕಿನ್ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮದೇ ದೇಹಗಳ ಅಳತೆಯನ್ನು ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕವಾದ ಬಿಎಂಐ ಇಬ್ಬರಲ್ಲೂ 22.3. ಆದರೆ ದೇಹದಲ್ಲಿನ ಕೊಬ್ಬು ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2! ತೂಕದ ಯಂತ್ರ ಈ ಅಂತರವನ್ನು ತೋರಿಸದು. ಅದರಂತೆಯೇ, ವ್ಯಾಯಾಮದಿಂದ ಸ್ನಾಯು ಬೆಳೆದು ಹೊಟ್ಟೆಯ ಕೊಬ್ಬು ಕರಗಿದರೂ ತೂಕ ಹಾಗೆಯೇ ಉಳಿದೀತು.

ಇದಕ್ಕಿಂತ ಮಹತ್ವದ ಸಾಕ್ಷ್ಯ ಚೆನ್ನೈನಿಂದ ಬಂದಿದೆ. ಮಧುಮೇಹದ ಹೊಸ್ತಿಲಲ್ಲಿದ್ದ 531 ಜನರನ್ನು ಆಯ್ದುಕೊಂಡು ನಡೆಸಿದ, ರಾಮಚಂದ್ರನ್ ನೇತೃತ್ವದ ಭಾರತೀಯ ಮಧುಮೇಹ ತಡೆ ಅಧ್ಯಯನದ ಫಲಿತಾಂಶ 2006ರಲ್ಲಿ ಹೊರಬಿತ್ತು. ಸಾಮಾನ್ಯ ಸಲಹೆ ಪಡೆದವರಲ್ಲಿ ಮೂರು ವರ್ಷಗಳಲ್ಲಿ ಶೇ. 55 ಮಂದಿಗೆ ಮಧುಮೇಹ ಬಂದರೆ, ನಡಿಗೆ ಮತ್ತು ಆಹಾರ ನಿಯಮ ಪಾಲಿಸಿದವರಲ್ಲಿ ಶೇ. 39.3 ಮಂದಿಗೆ ಮಾತ್ರ ಬಂದಿತು. ಗಮನಿಸಬೇಕಾದ ಸಂಗತಿಯೆಂದರೆ, ಈ ಎರಡನೆಯ ಗುಂಪಿನವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ತೂಕ ಇಳಿಯದಿದ್ದರೂ ರೋಗ ದೂರ ಸರಿದಿತ್ತು!

ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದ ಅಧ್ಯಯನ 2023ರಲ್ಲಿ ಅಂದಾಜಿಸಿದೆ. ಇಂತಹ ಸ್ಥಿತಿಯಲ್ಲಿ ತೂಕದ ಮುಳ್ಳಿನ ಮೇಲೆ ಮುನಿದು ನಡಿಗೆ ನಿಲ್ಲಿಸುವುದು ದುಬಾರಿಯಾಗುತ್ತದೆ.

ಹಾಗಾದರೆ ಏನು ಮಾಡಬೇಕು?

* ತೂಕಕ್ಕಿಂತ ಸೊಂಟದ ಸುತ್ತಳತೆಯನ್ನು ತಿಂಗಳಿಗೊಮ್ಮೆ ನೋಡಿ. ಭಾರತೀಯರಿಗೆ ನಿಗದಿಯಾದ ಮಿತಿ ಪುರುಷರಲ್ಲಿ 90, ಮಹಿಳೆಯರಲ್ಲಿ 80 ಸೆಂ.ಮೀ.

* ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಿನ ನಡಿಗೆಯ ಜೊತೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮವಿರಲಿ. ಬೈಠಕ್, ದಂಡಗಳಿಗೆ ಜಿಮ್‌ನ ಖರ್ಚು ಬೇಕಿಲ್ಲ.

* ತೂಕ ಇಳಿಯುವುದು ಮುಖ್ಯವಾಗಿ ಅಡುಗೆಮನೆಯಲ್ಲಿ. ಚಹದ ಸಕ್ಕರೆ, ಕರಿದ ತಿಂಡಿ, ಅನ್ನದ ಎರಡನೆಯ ಬಡಿಸುವಿಕೆ ತಗ್ಗಿಸಿ. ಕಾಳು, ಸೊಪ್ಪು, ಮಜ್ಜಿಗೆ ಹೆಚ್ಚಿಸಿ. ಜೋಳದ ರೊಟ್ಟಿ ಒಳ್ಳೆಯದೇ, ಎಣಿಕೆ ಇರಲಿ.

* ಉಳಿದ ಹೊತ್ತೂ ಚಲನೆಯಲ್ಲಿರಿ. ಸಮೀಪದ ಅಂಗಡಿಗೆ, ಹೊಲಕ್ಕೆ ಕಾಲ್ನಡಿಗೆಯೇ ಲೇಸು.

* ರಕ್ತದೊತ್ತಡ, ಸಕ್ಕರೆಯ ಪರೀಕ್ಷೆ ಮಾಡಿಸಿಕೊಳ್ಳಿ. ವ್ಯಾಯಾಮದ ನಿಜವಾದ ಫಲ ಅಲ್ಲಿಯೇ ಮೊದಲು ಕಾಣುವುದುಂಟು.

'ಹದಿನೈದು ದಿನಗಳಲ್ಲಿ ಹತ್ತು ಕಿಲೋ' ಎಂಬ ಜಾಹೀರಾತುಗಳಿಗೆ ಮರುಳಾಗದಿರಿ. ಮೂರು ತಿಂಗಳು ನಡೆದೂ ಮುಳ್ಳು ಕದಲದಿದ್ದರೆ ತಟ್ಟೆಯ ಕಡೆ ನೋಡಿ, ಬೂಟು ಮಾತ್ರ ಬಿಚ್ಚಿಡಬೇಡಿ. ನಾಳೆ ಬೆಳಿಗ್ಗೆ ಮತ್ತೆ ಹೊರಡಿ.