ಒಂದಗುಳು ಸಾಕೇ?

ಅನ್ನ ಬೆಂದಿದೆಯೇ ಎಂದು ತಿಳಿಯಲು ಅಜ್ಜಿ ಒಂದಗುಳು ಹಿಸುಕಿ ನೋಡುತ್ತಾರೆ, ಅಷ್ಟೇ ಸಾಕು. ಆದರೆ ಒಬ್ಬರು ತಮ್ಮ ಬಾಳಿನಲ್ಲಿ ತೃಪ್ತರೇ ಎಂದು ತಿಳಿಯಲು ಎಷ್ಟು ಪ್ರಶ್ನೆ ಕೇಳಬೇಕು? ಮಕ್ಕಳೇ, ಇದನ್ನೂ ಲೆಕ್ಕ ಹಾಕಿ ನೋಡಿದವರಿದ್ದಾರೆ.

ಬದುಕಿನ ಗುಣಮಟ್ಟ ಅಳೆಯಲು ವಿಶ್ವ ಆರೋಗ್ಯ ಸಂಸ್ಥೆ 15 ಕೇಂದ್ರಗಳಲ್ಲಿ ಕೆಲಸ ಮಾಡಿ ಒಂದು ಪ್ರಶ್ನಾವಳಿ ತಯಾರಿಸಿತು. ನಮ್ಮ ದೆಹಲಿ, ಚೆನ್ನೈ ಕೂಡ ಅದರಲ್ಲಿದ್ದವು. ನಿದ್ದೆ, ನೋವು, ಹಣಕಾಸು, ಓಡಾಟ ಹೀಗೆ 24 ವಿಷಯ. ಒಂದೊಂದಕ್ಕೆ 4 ಪ್ರಶ್ನೆ, ಒಟ್ಟಾರೆ ಬದುಕಿನ ಬಗ್ಗೆ ಇನ್ನೂ 4. ಕೂಡಿಸಿ ನೋಡಿ, ಸರಿಯಾಗಿ 100! ವಯಸ್ಸಾದವರು ಅರ್ಧಕ್ಕೇ ಬೇಸತ್ತು ಏನೋ ಒಂದು ಗುರುತು ಹಾಕಿಬಿಟ್ಟಾರು. ಅದಕ್ಕೇ ವಿಷಯಕ್ಕೊಂದರಂತೆ 24, ಜೊತೆಗೆ 2, ಒಟ್ಟು 26ಕ್ಕೆ ಇಳಿಸಿದರು. ಬಿಸಿಬೇಳೆಬಾತಿನಲ್ಲಿ ಅಕ್ಕಿಯ ಅಗುಳು ಬೆಂದಿದ್ದರೆ ಸಾಲದು, ಬೇಳೆಯನ್ನೂ ತರಕಾರಿಯನ್ನೂ ನೋಡಬೇಕಲ್ಲವೇ? ಹಾಗೆಯೇ ಯಾವ ವಿಷಯವನ್ನೂ ಪೂರ್ತಿ ಬಿಡಲಿಲ್ಲ.

ಚಿಕ್ಕದನ್ನು ನಂಬುವುದು ಹೇಗೆ? ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಆಡಿಟರ್ ಎಲ್ಲ ವೋಚರನ್ನೂ ನೋಡುತ್ತಿರಲಿಲ್ಲ, ಕೆಲವನ್ನು ಆರಿಸಿ ನೋಡುತ್ತಿದ್ದರು. ಆರಿಸಿದ್ದು ಸರಿಯೇ ಎಂಬುದೇ ಮುಖ್ಯ. ಇಲ್ಲಿಯೂ ಅಷ್ಟೇ. ಉದ್ದದ ಪಟ್ಟಿ, ಚಿಕ್ಕ ಪಟ್ಟಿ ಎರಡನ್ನೂ ಅದೇ ಜನರಿಗೆ ಕೊಡುತ್ತಾರೆ. ಒಂದರಲ್ಲಿ ಹೆಚ್ಚು ಅಂಕ ಬಂದವರಿಗೆ ಇನ್ನೊಂದರಲ್ಲೂ ಹೆಚ್ಚು ಬರಬೇಕು. ಕೆಲವು ದಿನ ಬಿಟ್ಟು ಮತ್ತೆ ಕೇಳಿದಾಗ, ಬದುಕಿನಲ್ಲಿ ಏನೂ ಬದಲಾಗದಿದ್ದರೆ, ಅಂಕವೂ ಹೆಚ್ಚುಕಡಿಮೆ ಅಷ್ಟೇ ಇರಬೇಕು.

ಇನ್ನೂ ಚಿಕ್ಕದೊಂದಿದೆ. ಅಮೆರಿಕದ ಮನೋವಿಜ್ಞಾನಿ ಎಡ್ ಡೀನರ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಐದೇ ವಾಕ್ಯ. ಪ್ರತಿ ವಾಕ್ಯವನ್ನು ಎಷ್ಟು ಒಪ್ಪುತ್ತೀರಿ ಎಂಬುದಕ್ಕೆ 1ರಿಂದ 7 ಅಂಕ. 2021ರಲ್ಲಿ ಡೀನರ್ ಮತ್ತೊಬ್ಬ ಸಂಶೋಧಕರೊಡನೆ ಅದನ್ನೂ ಮೂರಕ್ಕೆ ಇಳಿಸಿ ನೋಡಿದರು. ಮೂರೇ ಸಾಕೆಂದು ತಿಳಿಯಿತು.

ಬಿಟ್ಟ ಎರಡು ಯಾವುವು ಗೊತ್ತೇ? ಹಿಂದಿರುಗಿ ನೋಡುವಂಥವು. ಬದುಕಿನಲ್ಲಿ ಮುಖ್ಯವೆನಿಸಿದ್ದು ಸಿಕ್ಕಿತೇ? ಮತ್ತೊಮ್ಮೆ ಬದುಕುವ ಅವಕಾಶ ಬಂದರೆ ಏನನ್ನಾದರೂ ಬದಲಿಸುವಿರಾ? ಈಗಿನ ತೃಪ್ತಿಯನ್ನು ಅಳೆಯಲು ಅವು ಬೇಡದಿರಬಹುದು. ಆದರೆ ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಕಲ್ಲುಬೆಂಚಿನ ಮೇಲೆ ನಾವು ಮುದುಕರು ಸೇರಿದರೆ ಮಾತೆಲ್ಲ ಆ ಎರಡರ ಸುತ್ತಲೇ. ಲೆಕ್ಕಕ್ಕೆ ಬೇಡವಾದದ್ದು ಮಾತಿಗೆ ಬೇಕು.

ಈ ಭಾನುವಾರ ನಿಮ್ಮ ಅಜ್ಜ-ಅಜ್ಜಿಯ ಬಳಿ ಕೂತು ಆ ಎರಡು ಪ್ರಶ್ನೆ ಕೇಳಿ. ಅಂಕ ಹಾಕಬೇಡಿ, ಗಡಿಯಾರ ನೋಡಬೇಡಿ. ಅವರ ಕಾಫಿ ಆರಿಹೋದರೂ ಚಿಂತೆಯಿಲ್ಲ.