ರಾತ್ರಿ ಮೂರು ಸಲ ಏಳುವ ಅಪ್ಪಂದಿರಿಗಾಗಿ

ಬೇಸಿಗೆ ಬಂತೆಂದರೆ ನಮ್ಮಲ್ಲಿ ಅನೇಕರ ಮನೆಗೆ ಊರಿನಿಂದ ಅಪ್ಪ ಅಮ್ಮ ಬರುತ್ತಾರೆ. ಹೋದ ವರ್ಷ ನಮ್ಮ ಮನೆಗೂ ಬಂದಿದ್ದರು. ರಾತ್ರಿ ಹನ್ನೆರಡಕ್ಕೆ, ಎರಡಕ್ಕೆ, ಮತ್ತೆ ನಾಲ್ಕಕ್ಕೆ ಬಾತ್‌ರೂಮಿನ ದೀಪ ಹತ್ತುತ್ತಿತ್ತು. ಜೆಟ್ ಲ್ಯಾಗ್ ಇರಬೇಕೆಂದುಕೊಂಡೆ. ಮೂರು ವಾರವಾದರೂ ನಿಲ್ಲದಿದ್ದಾಗ ಕೇಳಿದೆ. "ವಯಸ್ಸಾಯ್ತಲ್ಲಪ್ಪ, ಇದೆಲ್ಲ ಇದ್ದದ್ದೇ" ಎಂದರು ಅಪ್ಪ. ಪ್ರಾಸ್ಟೇಟ್‌ಗೆಂದು ಒಂದು ವರ್ಷದಿಂದ ಮಾತ್ರೆ ನುಂಗುತ್ತಿದ್ದರೂ ಏಳುವುದು ತಪ್ಪಿಲ್ಲವೆಂದು ಅಮ್ಮ ಹೇಳಿದರು.

ನಾನು ವೈದ್ಯನಲ್ಲ, ಸಾಫ್ಟ್‌ವೇರ್ ಇಂಜಿನಿಯರ್. ಓದಿ, ಡಾಕ್ಟರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಪ್ರಾಸ್ಟೇಟ್ ಗ್ರಂಥಿ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡಿರುತ್ತದೆ. ವಯಸ್ಸಾದಂತೆ ಅದು ಹಿಗ್ಗಿ ನಾಳವನ್ನು ಒತ್ತುತ್ತದೆ. ಇದು ಕ್ಯಾನ್ಸರ್ ಅಲ್ಲ. ಇದಕ್ಕೆ ಕೊಡುವ ಮಾತ್ರೆಗಳಲ್ಲಿ ಮುಖ್ಯವಾಗಿ ಎರಡು ಗುಂಪುಗಳಿವೆ.

ಮೊದಲನೆಯದು ಆಲ್ಫಾ ಬ್ಲಾಕರ್: ಟ್ಯಾಮ್ಸುಲೋಸಿನ್, ಟೆರಾಜೋಸಿನ್ ಮುಂತಾದವು. ಇವು ಅಲ್ಲಿನ ಸ್ನಾಯುಗಳನ್ನು ಸಡಿಲಿಸುತ್ತವೆ. ಕೆಲವೇ ದಿನಗಳಲ್ಲಿ ಅಥವಾ ವಾರಗಳಲ್ಲಿ ಗುಣ ಕಾಣುತ್ತದೆ. ಆದರೆ ಎದ್ದು ನಿಂತಾಗ ತಲೆ ಸುತ್ತಬಹುದು. ಕಣ್ಣಿನ ಪೊರೆ ಆಪರೇಷನ್ ಇದ್ದರೆ ಈ ಮಾತ್ರೆಯ ವಿಷಯವನ್ನು ಕಣ್ಣಿನ ಡಾಕ್ಟರಿಗೆ ಮೊದಲೇ ತಿಳಿಸಬೇಕು.

ಎರಡನೆಯದು ಫಿನಾಸ್ಟರೈಡ್, ಡ್ಯುಟಾಸ್ಟರೈಡ್. ಇವು ಗ್ರಂಥಿಯನ್ನೇ ಕುಗ್ಗಿಸುತ್ತವೆ. ಅದಕ್ಕೆ ಆರು ತಿಂಗಳಾದರೂ ಬೇಕು. ಗ್ರಂಥಿ ದೊಡ್ಡದಿದ್ದವರಿಗೆ ಹೆಚ್ಚು ಉಪಯೋಗ. ಇವು ಪಿಎಸ್ಎ ಪರೀಕ್ಷೆಯ ಅಂಕಿಯನ್ನು ಸುಮಾರು ಅರ್ಧಕ್ಕೆ ಇಳಿಸುವುದರಿಂದ ಪರೀಕ್ಷೆಗೆ ಮುನ್ನ ಡಾಕ್ಟರಿಗೆ ಹೇಳಬೇಕು.

ರಾತ್ರಿ ಏಳುವುದಕ್ಕೆ ಯಾವುದು ಮೇಲು? ಅಮೆರಿಕದ ನಿವೃತ್ತ ಸೈನಿಕರ ಆಸ್ಪತ್ರೆಗಳಲ್ಲಿ ನಡೆದ ಒಂದು ದೊಡ್ಡ ಅಧ್ಯಯನದ ಈ ಲೆಕ್ಕ 2003ರಲ್ಲಿ ಪ್ರಕಟವಾಯಿತು. ಆರಂಭದಲ್ಲಿ ಅವರು ರಾತ್ರಿಗೆ ಸರಾಸರಿ 2.5 ಸಲ ಏಳುತ್ತಿದ್ದರು. ಟೆರಾಜೋಸಿನ್ ತೆಗೆದುಕೊಂಡವರಲ್ಲಿ ಅದು 1.8ಕ್ಕೆ ಇಳಿಯಿತು, ಫಿನಾಸ್ಟರೈಡ್‌ನಲ್ಲಿ 2.1ಕ್ಕೆ, ಎರಡನ್ನೂ ಸೇರಿಸಿ ಕೊಟ್ಟಾಗ 2.0ಕ್ಕೆ. ಔಷಧವೇ ಇಲ್ಲದ ಹುಸಿ ಮಾತ್ರೆ ನುಂಗಿದವರಲ್ಲೂ 2.1! ಅಂದರೆ ಆಲ್ಫಾ ಬ್ಲಾಕರ್ ಸ್ವಲ್ಪ ಮುಂದಿದೆ, ಆದರೆ ಬಹಳ ಮುಂದಿಲ್ಲ.

ಕಾರಣವೇನೆಂದರೆ, ರಾತ್ರಿ ಏಳಿಸುವುದು ಯಾವಾಗಲೂ ಪ್ರಾಸ್ಟೇಟ್ ಅಲ್ಲ. ವಯಸ್ಸಾದವರಲ್ಲಿ ದಿನದ ಒಟ್ಟು ಮೂತ್ರದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ರಾತ್ರಿಯೇ ತಯಾರಾಗುತ್ತಿದ್ದರೆ, ನಾಳವನ್ನು ಎಷ್ಟು ಸಡಿಲಿಸಿದರೂ ಏಳಲೇಬೇಕು. ಕಾಲಿನ ಊತ, ಸಕ್ಕರೆ ಕಾಯಿಲೆ, ಗೊರಕೆಯೊಡನೆ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ, ಸಂಜೆಯ ನಂತರದ ಕಾಫಿ, ಮಜ್ಜಿಗೆ, ಇವೆಲ್ಲ ಕಾರಣವಾಗಬಹುದು. ರಾತ್ರಿಯ ಮೂತ್ರ ಕಡಿಮೆ ಮಾಡಲು ಡೆಸ್ಮೋಪ್ರೆಸಿನ್ ಎಂಬ ಔಷಧವಿದೆ. ಆದರೆ ಅದು ರಕ್ತದ ಸೋಡಿಯಂ ಅನ್ನು ಅಪಾಯಕರ ಮಟ್ಟಕ್ಕೆ ಇಳಿಸಬಹುದು. 65 ದಾಟಿದವರಿಗೆ ಈ ಅಪಾಯ ಹೆಚ್ಚು. ರಕ್ತ ಪರೀಕ್ಷೆಯಿಲ್ಲದೆ ಅದರ ಗೋಜಿಗೆ ಹೋಗಬಾರದು.

ನಮ್ಮ ವೃತ್ತಿಯಲ್ಲಿ ಬಗ್ ಎಲ್ಲಿದೆಯೆಂದು ನೋಡದೆ ಕೋಡ್ ತಿದ್ದುವುದಿಲ್ಲ. ಇಲ್ಲೂ ಹಾಗೆಯೇ. ಡಾಕ್ಟರು ಹೇಳಿದಂತೆ ಅಪ್ಪ ಮೂರು ದಿನ ಅಳತೆಯ ಲೋಟ ಹಿಡಿದು, ಎಷ್ಟು ಹೊತ್ತಿಗೆ ಎಷ್ಟು ಎಂದು ಬರೆದಿಟ್ಟರು. ಮೊದಲು ಮುಜುಗರಪಟ್ಟರು, ಆಮೇಲೆ ಹಳೆಯ ಬ್ಯಾಂಕ್ ಉದ್ಯೋಗಿಯಲ್ಲವೇ, ಕಾಲಂ ಎಳೆದು ಮೊತ್ತವನ್ನೂ ಹಾಕಿದರು! ಸುಮಾರು ಅರ್ಧ ಪಾಲು ರಾತ್ರಿಯದೇ. ಬಿಪಿಗೆಂದು ಕೊಟ್ಟಿದ್ದ, ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಅವರು ರಾತ್ರಿ ಊಟದ ನಂತರ ತೆಗೆದುಕೊಳ್ಳುತ್ತಿದ್ದರು. ಡಾಕ್ಟರು ಅದನ್ನು ಬೆಳಿಗ್ಗೆಗೆ ಬದಲಾಯಿಸಿದರು. ಈಗ ಅಪ್ಪ ಒಂದೇ ಸಲ ಏಳುತ್ತಾರೆ.

ಎಲ್ಲರಿಗೂ ಇಷ್ಟು ಸುಲಭವಾಗಲಿಕ್ಕಿಲ್ಲ. ಮಾತ್ರೆಯನ್ನು ನಾವೇ ಬದಲಾಯಿಸುವುದಂತೂ ಬೇಡ. ಮೂತ್ರದಲ್ಲಿ ರಕ್ತ ಕಂಡರೆ ಅಥವಾ ಮೂತ್ರ ಕಟ್ಟಿಕೊಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇನ್ನೊಂದು ಮಾತು: ಇಲ್ಲಿನ ಅಂಗಡಿಗಳಲ್ಲಿ ಚೀಟಿಯಿಲ್ಲದೆ ಸಿಗುವ ಕೆಲವು ನೆಗಡಿ ಮಾತ್ರೆಗಳಿಂದಲೂ ಇವರಿಗೆ ಮೂತ್ರ ಕಟ್ಟಬಹುದು. ಕೊಡುವ ಮೊದಲು ಫಾರ್ಮಸಿಯಲ್ಲಿ ಕೇಳಿ.

ಹೊಸ ಜಾಗದ ಕತ್ತಲೆಯಲ್ಲಿ, ನಿದ್ದೆಗಣ್ಣಿನಲ್ಲಿ ಮೆಟ್ಟಿಲ ಬಳಿ ಎಡವಿದರೆ ಸೊಂಟದ ಮೂಳೆಗೇ ಪೆಟ್ಟು. ಈ ವಾರವೇ ಹಾಲ್‌ವೇಯಲ್ಲಿ ಒಂದು ಪುಟ್ಟ ನೈಟ್ ಲ್ಯಾಂಪ್ ಹಾಕಿ. ಆಮೇಲೆ ಬೆಳಗಿನ ಕಾಫಿ ಕುಡಿಯುವಾಗ ಅಪ್ಪನನ್ನು ಕೇಳಿ: "ರಾತ್ರಿ ಎಷ್ಟು ಸಲ ಎದ್ರಿ?" ಅವರಾಗಿಯೇ ಹೇಳುವವರಲ್ಲ.