ಕೊಳವೆಬಾವಿ ಲಾರಿಗಳಲ್ಲಿ ರಾಡು ಎತ್ತಿ ಜೋಡಿಸುವ ಯಂತ್ರಗಳು: ಗ್ರಾಮ ಪಂಚಾಯತಿ ಸದಸ್ಯರ ಅವಗಾಹನೆಗೆ

ಗ್ರಾಮದಲ್ಲಿ ಕೊಳವೆಬಾವಿ ಕೊರೆಯುವ ದಿನ ಸೇರಿದವರೆಲ್ಲರ ದೃಷ್ಟಿ ಒಂದೇ ಕಡೆ ಇರುತ್ತದೆ: ನೀರು ಬಿತ್ತೇ, ಬಿದ್ದರೆ ಎಷ್ಟು ಇಂಚು? ಲಾರಿಯ ಪಕ್ಕದಲ್ಲಿ 20 ಅಡಿಯ ಕಬ್ಬಿಣದ ರಾಡುಗಳು ಒಂದಾದ ಮೇಲೊಂದು ಮೇಲೇರಿ, ತಿರುಪಿಗೆ ಕೂಡಿ, ನೆಲದೊಳಗೆ ಇಳಿಯುವುದನ್ನು ಗಮನಿಸುವವರು ಕಡಿಮೆ. ಆದರೆ ಕೆಲಸಗಾರನ ಬೆರಳು ಜಜ್ಜಿಹೋಗುವುದು ಅಲ್ಲಿಯೇ. ರಾಡು ಕಳಚಿ ಬಿದ್ದು ಬಾವಿಯೇ ಕೈತಪ್ಪಿ ಹೋಗುವುದೂ ಅಲ್ಲಿಯೇ. ಬಿಲ್ಲು ಪಾವತಿಸುವಾಗ ಅಡಿಗಳ ಲೆಕ್ಕದಲ್ಲಿ ಏಳುವ ತಕರಾರಿನ ಮೂಲವೂ ಅದೇ. ಪಂಚಾಯತಿಯ ಹಣದಿಂದ ಬಾವಿ ಕೊರೆಸುವಾಗ ಕಾರ್ಯಾದೇಶದ ಷರತ್ತುಗಳನ್ನು ಒಪ್ಪುವವರು ಸದಸ್ಯರೇ ಆದ್ದರಿಂದ, ಈ ಕೆಲಸದ ರೀತಿಯನ್ನೂ ಅದಕ್ಕೆ ಈಗ ದೊರೆಯುವ ಯಂತ್ರಗಳನ್ನೂ ಸ್ವಲ್ಪ ವಿವರವಾಗಿ ತಿಳಿದಿರುವುದು ಅವಶ್ಯ.

ಧಾರವಾಡ ಜಿಲ್ಲೆಯ ನೆಲದಡಿ ಇರುವುದು ಬಹುಮಟ್ಟಿಗೆ ಗಟ್ಟಿ ಶಿಲೆ. ಈ ಜಿಲ್ಲೆಯ ಹೆಸರನ್ನೇ ಹೊತ್ತ ಧಾರವಾಡ ಶಿಲಾವರ್ಗದ ಪದರಶಿಲೆಗಳೂ ಅವುಗಳ ಜೊತೆಗೆ ನೈಸ್ ಶಿಲೆಯೂ ಇಲ್ಲಿ ವ್ಯಾಪಕವಾಗಿವೆ. ಇಂಥ ಕಲ್ಲನ್ನು ಕೊರೆಯಲು ಬಳಸುವುದು ರಂಧ್ರದ ತಳದಲ್ಲಿಯೇ ಬಡಿಯುವ ಹ್ಯಾಮರ್. ಕಂಪ್ರೆಸರ್‌ನಿಂದ ಬರುವ ಒತ್ತಡದ ಗಾಳಿ ಟೊಳ್ಳು ರಾಡುಗಳ ಮೂಲಕ ಕೆಳಗಿಳಿದು ಹ್ಯಾಮರನ್ನು ನಡೆಸುತ್ತದೆ. ಅದೇ ಗಾಳಿ ಕಲ್ಲಿನ ಪುಡಿಯನ್ನು ರಾಡಿನ ಹೊರಬದಿಯಿಂದ ಮೇಲಕ್ಕೆ ಹೊತ್ತು ತರುತ್ತದೆ. 1960ರ ದಶಕದ ಬರಗಾಲದ ನಂತರ ಯುನಿಸೆಫ್ ನೆರವಿನಿಂದ ಭಾರತದ ಗಟ್ಟಿಶಿಲೆಯ ಪ್ರದೇಶಗಳಿಗೆ ಬಂದ ಈ ವಿಧಾನ ಇಂದು ಪ್ರತಿಯೊಂದು ಹೋಬಳಿಗೂ ತಲುಪಿದೆ. ಉತ್ತರ ಕರ್ನಾಟಕದ ರಸ್ತೆಗಳಲ್ಲಿ ಕಾಣುವ ಬೋರ್ ಲಾರಿಗಳಲ್ಲಿ ಅನೇಕವು ತಮಿಳುನಾಡಿನ ನಾಮಕ್ಕಲ್ ಜಿಲ್ಲೆಯ ತಿರುಚೆಂಗೋಡಿನವು. ಅವುಗಳ ಮೇಲೆ ದುಡಿಯುವವರಲ್ಲಿ ಬಹಳ ಜನ ಛತ್ತೀಸಗಡ, ಒಡಿಶಾ, ಜಾರ್ಖಂಡ್ ರಾಜ್ಯಗಳ ಯುವಕರು. ಅಪಘಾತವಾದರೆ ಇವರ ಕಡೆಯವರು ಯಾರೂ ಹತ್ತಿರ ಇರುವುದಿಲ್ಲ, ಸ್ಥಳೀಯ ಭಾಷೆಯೂ ಅವರಿಗೆ ಬರುವುದಿಲ್ಲ.

ಒಂದು ರಾಡು ಪೂರ್ತಿ ಇಳಿದ ಮೇಲೆ ಯಂತ್ರವನ್ನು ನಿಲ್ಲಿಸಿ, ನೆಲದ ಮಟ್ಟದ ಮೇಜಿನ ಮೇಲೆ ಕವಲು ಸ್ಪಾನರ್‌ನಿಂದ ಆ ರಾಡನ್ನು ಹಿಡಿದಿಟ್ಟು, ತಿರುಗುವ ತಲೆಯನ್ನು ಬಿಚ್ಚಿ ಮೇಲಕ್ಕೆ ಒಯ್ದು, ಹೊಸ ರಾಡನ್ನು ನಡುವೆ ತಂದು ಎರಡೂ ತುದಿಗೆ ತಿರುಪು ಕೂಡಿಸಬೇಕು. ಕೊರೆದು ಮುಗಿದ ನಂತರ ಇದನ್ನೆಲ್ಲ ತಿರುವುಮುರುವಾಗಿ ಮಾಡಬೇಕು. 600 ಅಡಿಯ ಬಾವಿಗೆ 20 ಅಡಿಯ 30 ರಾಡುಗಳು. ಇಳಿಸುವಾಗ 30 ಸಲ, ಎತ್ತುವಾಗ 30 ಸಲ, ಒಟ್ಟು 60 ಸಲ ಮನುಷ್ಯನ ಕೈ ಕಬ್ಬಿಣದ ಹತ್ತಿರ ಹೋಗುತ್ತದೆ. ಬಾವಿ 1,000 ಅಡಿ ಆದರೆ 100 ಸಲ. 76 ಮಿ.ಮೀ. ವ್ಯಾಸದ, 5 ಮಿ.ಮೀ. ದಪ್ಪದ ಒಂದು ರಾಡು 50 ಕೆ.ಜಿ.ಯನ್ನು ಮೀರುತ್ತದೆ. 114 ಮಿ.ಮೀ. ವ್ಯಾಸದ್ದಾದರೆ ಕ್ವಿಂಟಾಲಿನ ಸಮೀಪ ಬರುತ್ತದೆ. 30 ರಾಡುಗಳು ಕೂಡಿ ರಂಧ್ರದಲ್ಲಿ ತೂಗುತ್ತಿರುವಾಗ, ಸಣ್ಣ ವ್ಯಾಸದ ರಾಡುಗಳೇ ಆದರೂ, ಒಂದೂವರೆ ಟನ್‌ಗೂ ಹೆಚ್ಚು ಭಾರ ಆ ಕವಲು ಸ್ಪಾನರ್‌ನ ಮೇಲೆ ನಿಂತಿರುತ್ತದೆ.

ಹಳೆಯ ಲಾರಿಗಳಲ್ಲಿ ಹೊಸ ರಾಡನ್ನು ತರುವುದು ವಿಂಚ್‌ನ ಉಕ್ಕಿನ ಹಗ್ಗದಿಂದ. ಎರಡನೆಯ ಲಾರಿಯ ಮೇಲೆ ಅಡ್ಡಲಾಗಿ ಪೇರಿಸಿದ ರಾಡಿನ ತುದಿಗೆ ಒಬ್ಬ ಎತ್ತುವ ಕೊಂಡಿಯನ್ನು ತಿರುಪುತ್ತಾನೆ. ಹಗ್ಗ ಎಳೆದಂತೆ ರಾಡು ಏಳುತ್ತದೆ, ಕೆಳತುದಿ ತೂಗಾಡುತ್ತದೆ. ಇನ್ನಿಬ್ಬರು ಅದನ್ನು ತೋಳಿನಿಂದ ತಬ್ಬಿ ರಂಧ್ರದ ನೇರಕ್ಕೆ ತರುತ್ತಾರೆ. ಅಪಾಯ ಹಲವು ಕಡೆಯಿಂದ ಬರುತ್ತದೆ. ಕೊಂಡಿಯ ತಿರುಪು ಅರ್ಧಕ್ಕೇ ನಿಂತಿದ್ದರೆ ರಾಡು ಎತ್ತರದಲ್ಲಿ ಕಳಚಿಕೊಳ್ಳುತ್ತದೆ. ಎಳೆಗಳು ಹರಿದ ಹಗ್ಗ ಯಾವಾಗ ತುಂಡಾಗುವುದೋ ಹೇಳಲಾಗದು. ತಿರುಪು ಕೂಡುವ ಜಾಗದಲ್ಲಿ ಬೆರಳಿಟ್ಟವನ ಬೆರಳು ಉಳಿಯುವುದಿಲ್ಲ. ಬಿಗಿದ ತಿರುಪನ್ನು ಸಡಿಲಿಸಲು ದೊಡ್ಡ ಸ್ಪಾನರ್ ಹಾಕಿ ಯಂತ್ರವನ್ನು ಹಿಮ್ಮುಖ ತಿರುಗಿಸಿದಾಗ ಸ್ಪಾನರ್ ಚಿಮ್ಮಿ ಪಕ್ಕದಲ್ಲಿದ್ದವನ ಕಾಲಿಗೋ ಎದೆಗೋ ಬಡಿಯಬಹುದು. ತಿರುಗುವ ರಾಡಿಗೆ ಹೆಗಲ ಮೇಲಿನ ಟವೆಲ್ಲಿನ ತುದಿ ಸಿಕ್ಕರೆ ಸಾಕು, ಬಿಡಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ. ನಸುಕಿನ ಮೂರು ಗಂಟೆಗೆ, ಒಂದೇ ಬಲ್ಬಿನ ಬೆಳಕಿನಲ್ಲಿ, ಕಲ್ಲಿನ ಧೂಳಿನ ನಡುವೆ ಐವತ್ತನೆಯ ರಾಡನ್ನು ಎತ್ತುತ್ತಿರುವವನ ಎಚ್ಚರವು ಮೊದಲನೆಯ ರಾಡನ್ನು ಎತ್ತಿದವನ ಎಚ್ಚರದಂತಿರಲಾರದು.

ಈ ಕೈಗೆಲಸವನ್ನು ತೆಗೆದುಕೊಳ್ಳುವ ಉಪಕರಣಗಳು ಹೊಸವೇನಲ್ಲ. ತೈಲಬಾವಿಗಳಲ್ಲಿ ಪೈಪು ಬಿಗಿಯುವ, ಬಿಚ್ಚುವ ಯಂತ್ರಗಳು ಹಲವು ದಶಕಗಳಿಂದ ಇವೆ. ಲಾರಿಯ ಮೇಲೆ ಸಾಗಿಸಬಲ್ಲ ನೀರಿನ ರಿಗ್ಗುಗಳಿಗೆ ಒಪ್ಪುವಂಥವುಗಳಲ್ಲಿ ಮೊದಲು ಹೇಳಬೇಕಾದದ್ದು ಹೈಡ್ರಾಲಿಕ್ ಬ್ರೇಕ್‌ಔಟ್ ವ್ರೆಂಚ್. ಬೆಲೆಯಲ್ಲಿ ಸಣ್ಣದು, ಉಪಕಾರದಲ್ಲಿ ದೊಡ್ಡದು. ಮೇಜಿನ ಮೇಲೆ ಕೂರಿಸಿದ ಒಂದು ಹಿಡಿತ ಕೆಳಗಿನ ರಾಡನ್ನು ಗಟ್ಟಿಯಾಗಿ ಹಿಡಿಯುತ್ತದೆ, ಇನ್ನೊಂದು ತೋಳು ಎಣ್ಣೆಯ ಒತ್ತಡದಿಂದ ಮೇಲಿನ ರಾಡಿನ ತಿರುಪನ್ನು ಸಡಿಲಿಸುತ್ತದೆ. ಚಿಮ್ಮುವ ಸ್ಪಾನರ್‌ನ ಅವಶ್ಯಕತೆಯೇ ಇರುವುದಿಲ್ಲ. ಹಳೆಯ ಲಾರಿಗೂ ಇದನ್ನು ಅಳವಡಿಸಬಹುದು.

ಎರಡನೆಯದು ರಾಡು ಚೇಂಜರ್. ಮಾಸ್ಟ್‌ನ ಪಕ್ಕದಲ್ಲಿ ನಿಂತಿರುವ ತಿರುಗುವ ಚೌಕಟ್ಟು. ಅದರಲ್ಲಿ ಕೆಲವು ರಾಡುಗಳು ರಿವಾಲ್ವರಿನ ಗುಂಡುಗಳಂತೆ ವೃತ್ತಾಕಾರವಾಗಿ ನಿಂತಿರುತ್ತವೆ. ಚಾಲಕ ಸನ್ನೆಗೋಲು ಎಳೆದರೆ ಚೌಕಟ್ಟು ಒಂದು ಮನೆ ಮುಂದಕ್ಕೆ ತಿರುಗಿ, ರಾಡನ್ನು ತಿರುಗುವ ತಲೆಯ ಕೆಳಗೆ ತಂದು ನಿಲ್ಲಿಸುತ್ತದೆ. ಕೆಲಸಗಾರ ಮುಟ್ಟುವುದೇ ಬೇಡ. ಆದರೆ ಮಾಸ್ಟ್ ಹೊರಬಲ್ಲ ಭಾರಕ್ಕೆ ಮಿತಿಯಿದೆ. ಚೌಕಟ್ಟಿನ ರಾಡುಗಳು ಮುಗಿದ ಮೇಲೆ ಉಳಿದವನ್ನು ಮತ್ತೆ ವಿಂಚ್‌ನಿಂದಲೇ ತರಬೇಕಾಗುತ್ತದೆ. ನಮ್ಮ ಕಡೆಯ ಆಳದ ಬಾವಿಗಳಿಗೆ ಇದೊಂದೇ ಸಾಲದು. ಆ ಕೊರತೆಯನ್ನು ತುಂಬುವುದು ಹಿಡಿಕೈ ಇರುವ ಹೈಡ್ರಾಲಿಕ್ ತೋಳು. ಅದು ಅಡ್ಡಲಾಗಿ ಮಲಗಿಸಿದ ರಾಡನ್ನು ನಡುವಿನಲ್ಲಿ ಹಿಡಿದು, ಎತ್ತಿ, ನೆಟ್ಟಗೆ ಮಾಡಿ ಮಾಸ್ಟ್‌ಗೆ ಒಪ್ಪಿಸುತ್ತದೆ. ಕೆಲವು ರಿಗ್ಗುಗಳಲ್ಲಿ ತಿರುಗುವ ತಲೆಯೇ ಮುಂದಕ್ಕೆ ಬಾಗಿ ರಾಡಿನ ತುದಿಯನ್ನು ಕಚ್ಚಿಕೊಳ್ಳುತ್ತದೆ. ಆಗ ಕೊಂಡಿ ತಿರುಪುವ ಕೆಲಸ ಇಲ್ಲವಾಗುತ್ತದೆ.

ಯುರೋಪಿನಲ್ಲಿ ಕೊರೆಯುವ ಯಂತ್ರಗಳ ಸುರಕ್ಷತೆಗೆ ಇಎನ್ 16228 ಎಂಬ ಮಾನಕವಿದೆ. ತಿರುಗುವ ರಾಡಿನ ಸುತ್ತ ಜಾಲರಿ ಬಾಗಿಲು ಇರಬೇಕು, ಬಾಗಿಲು ತೆರೆದೊಡನೆ ತಿರುಗುವಿಕೆ ನಿಲ್ಲಬೇಕು ಅಥವಾ ಬಹಳ ನಿಧಾನವಾಗಬೇಕು ಎಂಬುದು ಅದರ ತಿರುಳು. ಇಲ್ಲಿಯ ಲಾರಿಗಳಲ್ಲಿ ಅಂಥ ಜಾಲರಿ ಕಾಣುವುದು ಅಪರೂಪ. ಇದ್ದಲ್ಲಿಯೂ ಅಡ್ಡಿಯೆಂದು ಕಳಚಿಡುವುದುಂಟು. ಯಂತ್ರ ಇದ್ದ ಮಾತ್ರಕ್ಕೆ ಅಪಾಯ ತಪ್ಪಿತೆಂದು ಭಾವಿಸಬಾರದು: ಎಣ್ಣೆ ಸೋರುವ ಕೊಳವೆ, ಸವೆದ ಹಿಡಿತದ ಹಲ್ಲು, ಚಾಲಕನಿಗೆ ಕಾಣದ ಕಡೆ ನಿಂತ ಸಹಾಯಕ, ಇವು ಯಾಂತ್ರಿಕ ರಿಗ್ಗಿನಲ್ಲಿಯೂ ಗಾಯ ಮಾಡಬಲ್ಲವು.

ಹಾಗಾದರೆ ಹಳೆಯ ರೀತಿಯೇ ಏಕೆ ಮುಂದುವರಿದಿದೆ? ಪಾವತಿಯ ಪದ್ಧತಿಯೇ ಮುಖ್ಯ ಕಾರಣ. ಕೊಳವೆಬಾವಿಗೆ ದರ ಅಡಿಗೆ ಇಷ್ಟು ಎಂದು. ಬೇಗ ಮುಗಿಸಿ ಮುಂದಿನ ಊರಿಗೆ ಹೋದಷ್ಟೂ ಲಾರಿಯವರಿಗೆ ಲಾಭ. ಸುರಕ್ಷತೆಯ ಉಪಕರಣಕ್ಕೆ ಹಾಕಿದ ಹಣ ಅಡಿಯ ದರದಲ್ಲಿ ಕಾಣುವುದಿಲ್ಲ, ಆದ್ದರಿಂದ ಅದನ್ನು ಹಾಕಿದವನು ಕಡಿಮೆ ದರದ ಪೈಪೋಟಿಯಲ್ಲಿ ಹಿಂದೆ ಬೀಳುತ್ತಾನೆ. ಪಂಚಾಯತಿಯು ಕಾರ್ಯಾದೇಶದಲ್ಲಿ ಷರತ್ತು ವಿಧಿಸಿದರೆ ಮಾತ್ರ ಎಲ್ಲ ಲಾರಿಗಳೂ ಒಂದೇ ಗೆರೆಯ ಮೇಲೆ ನಿಲ್ಲುತ್ತವೆ.

ಸ್ಥಳದ ಆಯ್ಕೆಯಲ್ಲಿ ಸದಸ್ಯರ ಪಾತ್ರ ಇನ್ನೂ ನೇರವಾದದ್ದು. 20 ಅಡಿಯ ರಾಡು ಎಂದರೆ 6.1 ಮೀಟರ್, ಅದನ್ನು ಎತ್ತುವ ಮಾಸ್ಟ್ ಅದಕ್ಕಿಂತಲೂ ಎತ್ತರ. 11 ಕೆ.ವಿ. ವಿದ್ಯುತ್ ಮಾರ್ಗವು ರಸ್ತೆಯನ್ನು ಅಡ್ಡಹಾಯುವಲ್ಲಿ ನೆಲದಿಂದ ಇರಬೇಕಾದ ಕನಿಷ್ಠ ಎತ್ತರವೂ 6.1 ಮೀಟರ್, ಹೊಲದ ಮೇಲೆ ಹಾದುಹೋಗುವಲ್ಲಿ ಹೊದಿಕೆಯಿಲ್ಲದ ತಂತಿಗೆ 4.6 ಮೀಟರ್ ಸಾಕೆಂದು ನಿಯಮ ಹೇಳುತ್ತದೆ. ಹಗ್ಗಕ್ಕೆ ತೂಗಿದ ರಾಡು ಒಂದು ಬದಿಗೆ ಓಲಾಡಿದರೆ ತಂತಿಯನ್ನು ಮುಟ್ಟುತ್ತದೆ. ಆಗ ರಾಡನ್ನು ತಬ್ಬಿ ನಿಂತವನ ಗತಿಯನ್ನು ವಿವರಿಸಬೇಕಾಗಿಲ್ಲ. ಬಿಂದು ಗುರುತಿಸಿದ ದಿನವೇ ತಲೆಯೆತ್ತಿ ನೋಡಬೇಕು. ತಂತಿಯಿಂದ ದೂರದ ಬಿಂದು ದೊರೆಯದಿದ್ದರೆ ಹೆಸ್ಕಾಂ ಶಾಖಾ ಕಚೇರಿಗೆ ಲಿಖಿತವಾಗಿ ತಿಳಿಸಿ, ಮಾರ್ಗ ಮುಕ್ತತೆ ಪಡೆದ ಮೇಲೆಯೇ ಮಾಸ್ಟ್ ಎತ್ತಿಸಬೇಕು.

ನವಲಗುಂದ, ಅಣ್ಣಿಗೇರಿ, ಕುಂದಗೋಳ ಭಾಗದ ಎರೆಭೂಮಿಯಲ್ಲಿ ಇನ್ನೊಂದು ಸಮಸ್ಯೆಯಿದೆ. ನೆಲ ಹಸಿಯಾಗಿದ್ದರೆ ಲಾರಿಯ ಜಾಕಿಗಳು ಒಂದೊಂದು ಕಡೆ ಒಂದೊಂದು ಪ್ರಮಾಣದಲ್ಲಿ ಹೂತುಹೋಗುತ್ತವೆ. ಮಾಸ್ಟ್ ಓರೆಯಾಗುತ್ತದೆ, ಮೇಲಿನ ರಾಡು ಕೆಳಗಿನ ರಾಡಿನ ನೇರಕ್ಕೆ ಬರುವುದಿಲ್ಲ. ಆಗ ಕೆಲಸಗಾರರು ಹೆಗಲು ಕೊಟ್ಟು ನೂಕಿ ತಿರುಪು ಹಿಡಿಸಲು ಯತ್ನಿಸುತ್ತಾರೆ, ಥ್ರೆಡ್ ಕೆಡುತ್ತದೆ, ಕೆಟ್ಟ ಥ್ರೆಡ್ 500 ಅಡಿಯ ಆಳದಲ್ಲಿ ಕಳಚುತ್ತದೆ. ಯಾಂತ್ರಿಕ ಚೇಂಜರ್ ಕೂಡ ಓರೆಯಾದ ಮಾಸ್ಟ್‌ನ ಮುಂದೆ ನಿರುಪಯೋಗಿ. ಜಾಕಿಯ ಕೆಳಗೆ ಅಗಲವಾದ ಮರದ ದಿಮ್ಮಿಗಳನ್ನು ಹಾಸುವುದೇ ಇದಕ್ಕೆ ಪರಿಹಾರ. ಒಳಗೆ ಕಳಚಿದ ರಾಡುಗಳನ್ನು ಎತ್ತಲಾಗದಿದ್ದರೆ ಆ ಬಾವಿ ಹೋದಂತೆಯೇ. ಕಾರ್ಯಾದೇಶದಲ್ಲಿ ಬರೆಯದೇ ಇದ್ದರೆ ನಷ್ಟ ಯಾರದೆಂಬ ವಾದ ತಿಂಗಳುಗಟ್ಟಲೆ ನಡೆಯುತ್ತದೆ, ಅಷ್ಟೂ ದಿನ ಓಣಿಗೆ ಟ್ಯಾಂಕರ್ ನೀರೇ ಗತಿ.

ರಾಡುಗಳು ಆಳದ ಲೆಕ್ಕಪತ್ರವೂ ಹೌದು. ಲಾರಿಯವರು ಹೇಳಿದ ಅಡಿಗಳನ್ನು ಪರಿಶೀಲಿಸಲು ಸುಲಭ ಉಪಾಯವೆಂದರೆ ರಾಡುಗಳನ್ನು ಎತ್ತುವಾಗ ಎಣಿಸುವುದು. ಮೊದಲು ಒಂದು ರಾಡನ್ನು ಟೇಪಿನಿಂದ ಅಳೆಯಬೇಕು, ಏಕೆಂದರೆ 15 ಅಡಿಯವೂ 20 ಅಡಿಯವೂ ಬಳಕೆಯಲ್ಲಿವೆ. 28 ರಾಡುಗಳು 20 ಅಡಿಯವಾದರೆ 560 ಅಡಿ, 15 ಅಡಿಯವಾದರೆ 420 ಅಡಿ. ವ್ಯತ್ಯಾಸ 140 ಅಡಿ. ಇದಕ್ಕೆ ಹ್ಯಾಮರ್ ಮತ್ತು ಬಿಟ್‌ನ ಉದ್ದವನ್ನು ಕೂಡಿಸಿ, ಕೊನೆಯ ರಾಡಿನಲ್ಲಿ ನೆಲದ ಮೇಲೆ ಉಳಿದ ಭಾಗವನ್ನು ಕಳೆಯಬೇಕು. ಚೇಂಜರ್ ಇರುವ ರಿಗ್ಗಿನಲ್ಲಿ ರಾಡುಗಳು ಚೌಕಟ್ಟಿನೊಳಗೆ ಸೇರುವುದರಿಂದ ಎಣಿಕೆ ತಪ್ಪುವ ಸಂಭವ ಹೆಚ್ಚು. ಅಲ್ಲಿ ಪ್ರತಿ ರಾಡು ಹೊರಬಂದಾಗ ಗೆರೆ ಹಾಕುತ್ತ ಹೋಗಬೇಕು. ಎಣಿಸುವವರು ರಿಗ್ಗಿನಿಂದ ಕನಿಷ್ಠ ಒಂದು ರಾಡಿನ ಉದ್ದಕ್ಕಿಂತ ದೂರ ನಿಲ್ಲಬೇಕು, ಮಕ್ಕಳನ್ನು ಅದಕ್ಕಿಂತ ದೂರ ಇರಿಸಬೇಕು.

ಕಾನೂನಿನ ವಿಷಯ ಸಂಕ್ಷಿಪ್ತವಾಗಿ. 2011ರ ಕರ್ನಾಟಕ ಅಂತರ್ಜಲ ಅಧಿನಿಯಮದ ಪ್ರಕಾರ ಕೊರೆಯುವ ರಿಗ್ಗುಗಳು ನೋಂದಣಿಯಾಗಿರಬೇಕು. ನೋಂದಣಿ ಪತ್ರವನ್ನು ಕೇಳಿ ನೋಡುವುದು ಪಂಚಾಯತಿಗೆ ಸಲ್ಲುವ ಕೆಲಸ. ಬಾವಿ ಕೊರೆಸುವವರು 15 ದಿನ ಮುಂಚಿತವಾಗಿ ಲಿಖಿತ ಮಾಹಿತಿ ನೀಡಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲಿ ನಿರ್ದೇಶಿಸಿದೆ. ಮಾಹಿತಿ ಸ್ವೀಕರಿಸುವವರಲ್ಲಿ ಗ್ರಾಮ ಪಂಚಾಯತಿಯ ಮುಖ್ಯಸ್ಥರೂ ಸೇರಿದ್ದಾರೆ. ಖಾಸಗಿ ಹೊಲದ ಬಾವಿಗೂ ಇದು ಅನ್ವಯ. ನೀರು ಬೀಳದ ಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲುಗಳಿಂದ ತುಂಬಿಸಬೇಕೆಂಬುದೂ ಅದೇ ನಿರ್ದೇಶನದಲ್ಲಿದೆ. ಕೊನೆಯ ರಾಡು ಹೊರಬಂದ ಗಳಿಗೆಯಿಂದ ಆ ಬಾಯಿ ತೆರೆದೇ ಇರುತ್ತದೆ. ಲಾರಿ ಊರು ಬಿಡುವ ಮುನ್ನವೇ ಅದು ಮುಚ್ಚಿರಬೇಕು. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಮಗು ಬದುಕಿ ಬಂದದ್ದು ಪುಣ್ಯ. 2017ರಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಬಿದ್ದ ಮಗು ಬದುಕಲಿಲ್ಲ.

ಕಾರ್ಯಾದೇಶದಲ್ಲಿ ಸೇರಿಸಬಹುದಾದ ಷರತ್ತುಗಳು ಹೆಚ್ಚಿನವೇನಲ್ಲ. ರಿಗ್ಗಿನಲ್ಲಿ ಹೈಡ್ರಾಲಿಕ್ ಬ್ರೇಕ್‌ಔಟ್ ವ್ರೆಂಚ್ ಇರಬೇಕು. ರಾಡು ಚೇಂಜರ್ ಅಥವಾ ಎತ್ತುವ ತೋಳು ಇರುವ ರಿಗ್ಗಿಗೆ ಆದ್ಯತೆ. ವಿಂಚ್ ಹಗ್ಗ ಮತ್ತು ಎತ್ತುವ ಕೊಂಡಿಯನ್ನು ಕೆಲಸ ಆರಂಭಿಸುವ ಮುನ್ನ ಇಂಜಿನಿಯರ್ ಪರಿಶೀಲಿಸಬೇಕು. ಕೆಲಸಗಾರರಿಗೆ ಹೆಲ್ಮೆಟ್, ಬೂಟು, ಧೂಳು ತಡೆಯುವ ಮುಖಗವಸು ಇರಬೇಕು, ಅವರೆಲ್ಲರ ಹೆಸರಿನಲ್ಲಿ ವಿಮೆ ಇರಬೇಕು. ರಾತ್ರಿ ಕೊರೆಯುವುದಾದರೆ ಸಾಕಷ್ಟು ಬೆಳಕು ಮತ್ತು ಬದಲಿ ಪಾಳಿ ಇರಬೇಕು. ರಾಡು ಒಳಗೆ ಕಳಚಿದರೆ ನಷ್ಟ ಗುತ್ತಿಗೆದಾರರದು. ಇವುಗಳಲ್ಲಿ ಒಂದನ್ನೇ ಆರಿಸಬೇಕಾದರೆ ಬ್ರೇಕ್‌ಔಟ್ ವ್ರೆಂಚ್‌ನ ಷರತ್ತನ್ನು ಬಿಡಬಾರದು.

ಲಾರಿ ಹೋದ ಮೇಲೆಯೂ ಪೈಪಿನ ಕೆಲಸ ಮುಗಿಯುವುದಿಲ್ಲ. ಮೋಟರ್ ಸುಟ್ಟಾಗಲೆಲ್ಲ ಪಂಚಾಯತಿಯೇ ಪೈಪುಗಳನ್ನು ಎತ್ತಿಸಬೇಕು, ನೀರುಗಂಟಿಯೂ ಕೈಹಾಕುತ್ತಾನೆ. ಮಧ್ಯಮ ದರ್ಜೆಯ ಒಂದೂವರೆ ಇಂಚಿನ ಜಿ.ಐ. ಪೈಪು 400 ಅಡಿಗೆ ಸುಮಾರು 440 ಕೆ.ಜಿ. ತೂಗುತ್ತದೆ, ಒಳಗೆ ನಿಂತ ನೀರು ಇನ್ನೂ ಸುಮಾರು 170 ಕೆ.ಜಿ.; ಮೋಟರ್ ಮತ್ತು ಕೇಬಲ್‌ನ ತೂಕ ಬೇರೆ. ಮೂರು ಕಾಲಿನ ಕಂಬ, ಚೈನ್ ಪುಲ್ಲಿ ಮತ್ತು ನಾಲ್ಕು ಜನರ ತೋಳಬಲದಿಂದ ಇದನ್ನು ಎತ್ತುವ ಬದಲು, ವಾಹನದ ಮೇಲೆ ಕೂರಿಸಿದ ಪೈಪ್ ಎತ್ತುವ ಯಂತ್ರವನ್ನು ಬಾಡಿಗೆಗೆ ಕರೆಸುವುದು ಲೇಸು. ಯಾವ ರೀತಿಯಲ್ಲಿ ಎತ್ತಿದರೂ ಮೇಲಿನ ಪೈಪನ್ನು ಬಿಚ್ಚುವ ಮುನ್ನ ಕೆಳಗಿನ ಪೈಪಿಗೆ ಕ್ಲಾಂಪು ಬಿಗಿದಿರಬೇಕು, ಮೋಟರ್‌ಗೆ ಕಟ್ಟಿದ ಸುರಕ್ಷತಾ ಹಗ್ಗವನ್ನು ಪ್ರತ್ಯೇಕ ಗೂಟಕ್ಕೆ ಬಿಗಿದಿರಬೇಕು.